ಬಾಯಿಕಟ್ಟಿನ ಬ್ಯಾರನ್ನಿನಲ್ಲಿ ಹಳದಿ ವೈನು

ಫ್ರಾನ್ಸಿನ ಜೂರಾ ಬೆಟ್ಟದಲ್ಲಿ ಪೀಪಾಯಿಗಳು ಒಡೆದು ವೈನು ಹೊಳೆಯಾಗಿ ನುಗ್ಗಿದಾಗ, ಚಲುವರಾಜು ಬೋರಲು ಮಲಗಿ ಅಷ್ಟನ್ನೂ ಒಂದೇ ಗುಕ್ಕಿಗೆ ಹೀರಿ ಮೂರು ಊರು ಉಳಿಸಿದ್ದನಂತೆ. ಹಾಗೆಂದು ಅವನೇ ಹೇಳುತ್ತಿದ್ದ. ಆರು ವರ್ಷ ಆ ಬೆಟ್ಟದಲ್ಲಿದ್ದೆ ಎನ್ನುತ್ತಾ ಅವನು ಹಾರನಹಳ್ಳಿಯ ಮಾವನ ಮನೆಗೆ ಬಂದಿಳಿದದ್ದು ತೊಂಬತ್ತೆಂಟರಲ್ಲಿ. ಆ ಮಾತು ನಂಬಿ ಭಾವಮೈದ ನಟರಾಜು ಎರಡೆಕರೆ ಹೊಗೆಸೊಪ್ಪಿನ ಪೈರು ಕಿತ್ತು ದ್ರಾಕ್ಷಿ ಹಾಕಲು ಹೊರಟಿದ್ದ.

ಚಲುವರಾಜು ತಾನು ತಂದ ವೈನಿನ ಪೀಪಾಯಿಯನ್ನು ಹೊಗೆಸೊಪ್ಪು ಬೇಯಿಸುವ ಕಿಟಕಿಯಿಲ್ಲದ ಹಳೇ ಕಟ್ಟಡ, ಬ್ಯಾರನ್ನಿನಲ್ಲಿ ಇಡಿಸಿ, ರುಚಿ ತೋರಿಸುತ್ತೇನೆಂದು ಹೊರಟಾಗ ಅತ್ತೆ ಚಿಕ್ಕಬೀರಮ್ಮ ಅಡ್ಡ ನಿಂತಳು.

"ಬ್ಯಾಡಿ ಅಳಿಯಂದ್ರೇ. ಜಮೀನು ವ್ಯಾಜ್ಯದಲ್ಲಿ ಸುಳ್ಳು ಸಾಕ್ಷಿ ಏಳೋರಿಗೆ ಅಂತ ನಮ್ಮ ಮಾವ ಅದ್ರೊಳಗೆ ಬಾಯಿಕಟ್ಟು ಮಾಟ ಮಾಡ್ಸವ್ರೆ. ಅಲ್ಲಿ ಸುಳ್ಳಾಡಿದೋರು ಉಸಿರಾಡಕಿಲ್ಲ."

"ನನ್ನ ಬಾಯಿ ಕಟ್ಟೋವಷ್ಟು ಹಗ್ಗ ಎಲ್ಲೈತೆ ಅತ್ತೆ?" ನಕ್ಕು, ನಟರಾಜುವನ್ನು ಒಳಗೆಳೆದುಕೊಂಡು ಹೋದ.

ಹೊರಗೆ ಸುಡುವ ಮಧ್ಯಾಹ್ನ. ಒಳಗೆ, ಬಾಗಿಲ ಸಂದಿಯ ಬೆಳಕು ಬಿಟ್ಟರೆ, ಕಾಡಿಗೆಯಂಥ ಕತ್ತಲು. ಹಳೇ ಮಸಿ, ಹೊಗೆಸೊಪ್ಪಿನ ಗಾಟು, ಅದರೊಳಗೆ ಹುಳಿತ ದ್ರಾಕ್ಷಿಯ ವಾಸನೆ. ಚಲುವರಾಜುವಿಗೆ ಯಾಕೋ ದಣಿವಾಯಿತು, ಹತ್ತೂರಿಗೆ ಹೊರೆ ಹೊತ್ತು ಬಂದವನಂತೆ. ಆದರೂ ಶುರುಮಾಡಿದ.

"ಸುಣ್ಣಕಲ್ಲಿನ ಬೆಟ್ಟ ಕಣೋ. ಮಂಜು ಮೊಣಕಾಲುದ್ದ. ಇಳಿಜಾರಿನ ತುಂಬಾ ದ್ರಾಕ್ಷಿ. ಹಳದಿ ವೈನು ಆರು ವರ್ಷ ಮುಟ್ಟಂಗಿಲ್ಲ, ಮೇಲೆ ಬಿಳೀ ಕೆನೆ ಕಟ್ಟಿ ಕಾಯ್ತದೆ. ನಾನೇ ಕಾವಲಿದ್ದೆ..."

ತುಟಿಗೆ ಏನೋ ಹತ್ತಿತು. ಹೊಗೆಸೊಪ್ಪು ಮುರಿಯುವಾಗ ಕೈಗೆ ಮೆತ್ತುವ ಕಪ್ಪು ಅಂಟು. ಒರೆಸಿದ. ಇನ್ನಷ್ಟು ಮೆತ್ತಿತು. ತುಟಿ ಕೂಡಿಕೊಂಡವು. ಅಂಟು ಮೂಗಿಗೇರಿತು. ಒಂದು ಹೊಳ್ಳೆ ಮುಚ್ಚಿತು. ಕತ್ತಲಲ್ಲಿ ಯಾರೋ ಹೊಗೆಸೊಪ್ಪಿನ ಎಲೆ ಪೋಣಿಸುವ ಸದ್ದು. ಸರಸರ. ಹತ್ತಿರ. ಇನ್ನೂ ಹತ್ತಿರ. ನಟರಾಜು ರಟ್ಟೆ ಹಿಡಿದೆಳೆದ. ಚಲುವರಾಜುವಿನ ಕಾಲು ನೆಲ ಬಿಟ್ಟು ಏಳಲಿಲ್ಲ.

"ಭಾವ! ತಲೆಯಾದ್ರೂ ಆಡ್ಸಿ! ಆ ಬೆಟ್ಟ ನೀವು ನೋಡಿದ್ದು ನಿಜವಾ?"

ಅಡ್ಡಡ್ಡ ಆಡಿಸಿದ. ಅಂಟು ಮೂಗು ಬಿಟ್ಟಿತು.

"ಈ ವೈನು ಅಲ್ಲೀದಾ?"

ಮತ್ತೆ ಅಡ್ಡಡ್ಡ. ತುಟಿ ಚರ್ಮ ಸಮೇತ ಹರಿದು ಬಿಚ್ಚಿಕೊಂಡವು. ರಕ್ತ ಗದ್ದಕ್ಕಿಳಿಯಿತು.

"ಗೋವಾದ ಹೋಟ್ಲಲ್ಲಿ ಬಾಟ್ಲಿ ತೊಳೀತಿದ್ದೆ ಕಣಪ್ಪ," ಎಂದ, ನೆಲಕ್ಕೆ ಕುಸಿದು. "ಬಾಟ್ಲಿ ಮೇಲಿನ ಚೀಟೀಲಿ ಆ ಬೆಟ್ಟ ಇತ್ತು. ಮಿಕ್ಕಿದ್ದು ಗಿರಾಕಿಯೊಬ್ಬ ಏಳಿದ್ದು. ಇದು ಕೊಪ್ಪದಲ್ಲಿ ಕೊಂಡ ದ್ರಾಕ್ಷಿ, ಬೆಲ್ಲ ಆಕಿ ಕೊಳೆಸಿದ್ದು. ಸುಳ್ಳೇಳೀ ಸುಳ್ಳೇಳೀ ಸುಸ್ತಾಗೋಯ್ತು. ಪೈರು ಕೀಳ್ಬ್ಯಾಡ ನಟರಾಜ. ದ್ರಾಕ್ಷಿ ಬಳ್ಳಿ ಎಂಗಿರ್ತದೆ ಅಂತ್ಲೂ ನಾ ಕಂಡಿಲ್ಲ."