ಬೇವಿನ ಕೆಳಗಿನ ಬೆಂಚು

“ಬೆಂಚು ಮತ್ತ ಕುಂಟಾಕತ್ತದ,” ಅಂದಳು ಉಮಾಬಾಯಿ, ಮುಖ ಗಂಟು ಹಾಕಿಕೊಂಡು.

ಬಡಿಗ ಕಲ್ಯಾಣಪ್ಪ ಈ ಒಂದು ಬೆಂಚಿಗಾಗಿ ಪೆದ್ದೆಮುಲ್‌ನಿಂದ ತಾಂಡೂರಿಗೆ ಮತ್ತೆ ಮತ್ತೆ ಬಂದಿದ್ದ. ಬೇವಿನ ಕೆಳಗಿನ ಆ ತೇಗದ ಬೆಂಚು ಅವಳ ಅಪ್ಪ ಮಾಡಿಸಿದ್ದು. ಬಿಸಿಲು ಮಳೆಗೆ ಬೂದಿ ಬಣ್ಣವಾಗಿದ್ದ ಹಲಗೆಗಳನ್ನು ಕೀಸಿ, ಅಗಸೆ ಎಣ್ಣೆ ಉಜ್ಜಿ, ಮತ್ತೆ ಜೇನಿನ ಬಣ್ಣಕ್ಕೆ ತಂದಿದ್ದ. ಕಾಲು ಮಾತ್ರ ಅವನ ಮಾತು ಕೇಳುತ್ತಿರಲಿಲ್ಲ.

ಬಗ್ಗಿ ನೋಡಿದ. ಕಾಲಿನ ಸಂದಿಗೆ ಬಡಿದಿದ್ದ ಬೆಣೆ ಮಾಯ.

“ಬಡಿದ ಬೆಣಿ ತಾನಾಗೇ ಬೀಳಲ್ಲರಿ, ಬಾಯಾರ. ಯಾರೋ ಕಿತ್ತಾರ.”

“ಇಲಿ ಇರಬೇಕು.”

“ಇಲಿ ಇಕ್ಕಳ ಹಿಡೀತದೇನ್ರಿ?”

“ಜಾಣ ಇಲಿ,” ಅಂದವಳು ಬೇವಿನ ಕೊಂಬೆ ನೋಡಿದಳು. ತುಟಿಯ ಅಂಚು ಮಾತ್ರ ನಿಜ ಹೇಳಿಬಿಟ್ಟಿತು.

ಹೊಸ್ತಿಲಲ್ಲಿ ಜೋಳ ಹಸನು ಮಾಡುತ್ತಿದ್ದ ಅವ್ವ ಗುರುಲಿಂಗಮ್ಮ ಕೂಗಿದಳು, “ಏ ಬಡಿಗ್ಯಾ, ಮುಗೀತೇನೋ?”

“ಇನ್ನ ಜರಾ ಅದರಿ, ಅವ್ವಾರ.”

ಉಮಾಬಾಯಿ ಹದಿನಾರಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ವಿಧವೆಗೆ ಹೊಸ ಸೀರೆ ಉಡಿಸಿ ಮತ್ತೆ ಮದುವೆ ಮಾಡುವ ಉಡಿಕೆ ಅವರ ಕುಲದಲ್ಲಿ ಇದ್ದೇ ಇತ್ತು. ಆದರೆ ಅಣ್ಣ ಶಿವಶಂಕರಪ್ಪನ ವ್ಯಾಪಾರ ಬೆಳೆದು, ನಿಜಾಮನ ಅಧಿಕಾರಿಗಳು ಮನೆಗೆ ಬರತೊಡಗಿದ ಮೇಲೆ ಅದು ಅವನಿಗೆ ಬಡವರ ರೂಢಿ ಅನಿಸಿತು. ದೊಡ್ಡಸ್ತಿಕೆ ಅವನದು, ಅದರ ಬೆಲೆ ತೆತ್ತವಳು ಇವಳು. ಹೆಂಗಸರು ಹೊರಗಿನ ಬೆಂಚಿನ ಮೇಲೆ ಕೂಡಬಾರದು ಎಂಬುದೂ ಅವನದೇ ಕಾನೂನು.

“ಇವತ್ತೇ ಕಡೀದು,” ಅಂದ ಕಲ್ಯಾಣಪ್ಪ ಹೊಸ ಬೆಣೆ ಕೆತ್ತುತ್ತ. “ಇನ್ನೊಮ್ಮೆ ಕುಂಟಿದ್ರ ಒಲಿಗೆ ಹಾಕ್ತೀನಿ ಅಂದಾರ ನಿಮ್ಮಣ್ಣ. ನಾಳಿಂದ ನಾ ಬರಲ್ಲರಿ.”

ಉಮಾಬಾಯಿ ಅವನ ಕಡೆ ತಿರುಗಿದಳು.

“ಇಷ್ಟ ಸಲ ಕಿತ್ತರೂ ನೀ ಯಾಕ ಬರ್ತಿ?”

“ಯಾಕ ಕೀಳ್ತೀರಿ ಅಂತ ಕೇಳಾಕ.”

“ನೀ ಬರಲಿ ಅಂತ.”

ಬೆಣೆ ಬಡಿಯಲು ಎತ್ತಿದ ಕೊಡತಿ ಅವನ ಬೆರಳಿನ ಮೇಲೆಯೇ ಬಿತ್ತು. ಅವಳು ನಕ್ಕುಬಿಟ್ಟಳು. ತವರಿಗೆ ಬಂದ ಮೇಲೆ ಅಷ್ಟು ಜೋರಾಗಿ ನಕ್ಕಿರಲಿಲ್ಲ.

“ನನ್ನ ಕೂಡ ಉಡಿಕಿ ಆಗ್ತೀರೇನ್ರಿ?” ಬೆರಳು ಬಾಯಲ್ಲಿಟ್ಟುಕೊಂಡೇ ಕೇಳಿದ.

“ಇದನ್ನ ಕೇಳಾಕ ಇಷ್ಟ ಬೆಣಿ ಬೇಕಾತೇನು?”

ಅವನು ಬೆಣೆ ಬಡಿದು ಬೆಂಚಿನ ಒಂದು ತುದಿಗೆ ಕೂತ. “ಕುಂಟ್ತದೋ ಇಲ್ಲೋ ನೋಡಾಕ ಎರಡೂ ತುದಿಗೆ ಭಾರ ಬೇಕರಿ,” ಅಂದ.

ಬೀದಿಯ ಆಚೆ ಅಂಗಡಿಗಳೆಲ್ಲ ತೆರೆದಿದ್ದವು. ಉಮಾಬಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಇನ್ನೊಂದು ತುದಿಗೆ ಕೂತಳು.

ಒಳಗಿನಿಂದ ಬಂದ ಶಿವಶಂಕರಪ್ಪ ನಿಂತಲ್ಲೇ ಕೆಂಪಾದ. “ಏಳು, ಉಮಾ. ಮಂದಿ ನೋಡ್ತಾರ.”

“ನೋಡ್ಲಿ ಅಂತೇ ಹೊರಗ ಕುಂತೀನಿ, ಅಣ್ಣ.”

“ಕಂದಾಯದ ಗಿರ್ದಾವರ್ ಸಾಹೇಬ್ರು ಕೂಡೋ ಜಾಗಾ ಅದು.”

“ಅಪ್ಪ ನನ್ನ ಬಾಜೂಕ ಕೂಡಿಸ್ಕೊಂತಿದ್ದ ಜಾಗಾ ಇದು. ನಾ ಇವರ ಕೂಡ ಉಡಿಕಿ ಆಗ್ತೀನಿ.”

“ಏ, ನೀನರೆ ಏಳೋ,” ಅಣ್ಣ ಕಲ್ಯಾಣಪ್ಪನ ಮೇಲೆ ಹರಿಹಾಯ್ದ.

ಕಲ್ಯಾಣಪ್ಪ ಬೆಂಚಿನ ಅಂಚು ಬಿಗಿಯಾಗಿ ಹಿಡಿದ. ಏಳಲಿಲ್ಲ. “ನಾ ಎದ್ರ ಅವರೊಬ್ರೇ ಆಗ್ತಾರರಿ,” ಅಂದ.

ಮೊರ ಕೆಳಗಿಟ್ಟು ಗುರುಲಿಂಗಮ್ಮ ಅಂಗಳಕ್ಕೆ ಬಂದಳು. ಶಿವಶಂಕರಪ್ಪನಿಗೆ ಜೀವ ಬಂದಂತಾಯಿತು. “ನೀನರೆ ಹೇಳವ್ವ ಇಕಿಗೆ.”

“ನಿನಗ ಹೇಳ್ತೀನಿ. ನಿಮ್ಮಜ್ಜಿ ಉಡಿಕಿ ಆಗಿರ್ಲಿಲ್ಲಂದ್ರ ನಿಮ್ಮಪ್ಪನೇ ಹುಟ್ತಿರ್ಲಿಲ್ಲ.”

ಆಮೇಲೆ ಅವಳು ಬಡಿಗನ ಕಡೆ ತಿರುಗಿದಳು.

“ಅಳಿಯಂದ್ರ, ಜರಾ ಉಮಾನ ಕಡಿ ಸರೀರಿ. ನನಗೂ ಕೂಡಾಕ ಜಾಗಾ ಬೇಕು.”

ಅವನು ಸರಿದ. ಮೂವರ ಭಾರಕ್ಕೂ ಬೆಂಚು ಅಲುಗಲಿಲ್ಲ. ಶಿವಶಂಕರಪ್ಪ ನಿಂತೇ ಇದ್ದ.