ಹಳದಿ ಸ್ವೆಟರ್, ಬೂದು ಸಿಪಿಲೆ

"ಯಾರ್ರೀ ಅದು, ನನ್ನ ಹಕ್ಕಿಗೆ ಕೆಂಪು ಗೀಟು ಎಳೆದಿದ್ದು?"

ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಕೂತಿದ್ದ ಹತ್ತೂ ಜನ ಒಟ್ಟಿಗೆ ತಲೆ ಎತ್ತಿದರು. ಬಾಗಿಲಲ್ಲಿ ಒಬ್ಬ ಯುವಕ. ಅಂಗಿಯ ತೋಳಿಗೆ ಗ್ರೀಸಿನ ಕಲೆ, ಕುತ್ತಿಗೆಯಲ್ಲಿ ದುರ್ಬೀನು, ಮೂಗಿನ ತುದಿಯಲ್ಲಿ ಕೋಪ.

"ನಾನೇ," ಅಂದಳು ಅವಳು, ಪೆನ್ನಿಗೆ ಮುಚ್ಚಳ ಹಾಕುತ್ತಾ. "ಏನೀಗ?"

ಏನೀಗ ಅಂತ ಕೇಳಿದ್ದೇನೋ ಹೌದು... ಆದರೆ ಅವನ ಕಣ್ಣು ನೋಡಿದ ಕೂಡಲೇ ಮುಚ್ಚಳ ಕೈ ತಪ್ಪಿ ನೆಲಕ್ಕೆ ಬಿತ್ತು. ಕನ್ನಡಕದಂಗಡಿಯಲ್ಲಿ ದಿನಕ್ಕೆ ಇಪ್ಪತ್ತು ಜನರ ಕಣ್ಣು ಪರೀಕ್ಷೆ ಮಾಡುವವಳು ಅವಳು. ಕಣ್ಣು ಅವಳಿಗೆ ಹೊಸದಲ್ಲ. ಆದರೂ ಈ ಕಣ್ಣು...

'ಛೀ! ಕೆಲಸ ನೋಡು!' ಅಂತ ತನಗೆ ತಾನೇ ಗದರಿಕೊಂಡಳು.

ಆ ಕೋಣೆಯ ಕಥೆ ಇಷ್ಟು. ಪ್ರತಿ ಚಳಿಗಾಲ ಊರ ಕೆರೆಗೆ ದೂರದಿಂದ ಹಕ್ಕಿಗಳು ಬರುತ್ತವೆ. ಅವನ್ನು ಎಣಿಸೋಕೆ ಹತ್ತು ಜನ ಹುಡುಗ ಹುಡುಗಿಯರು, ಅವರನ್ನು ಎಣಿಸೋಕೆ ಒಬ್ಬ ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ವರ್ಷಕ್ಕೊಂದು ಪಟ್ಟಿ. ಪಟ್ಟಿ ಪುಸ್ತಕದ ಮೊದಲ ಹಾಳೆಯಲ್ಲಿ ಮೇಷ್ಟ್ರ ದುಂಡು ಅಕ್ಷರ: 'ಕಂಡದ್ದು ಬರೆ, ಅಂದುಕೊಂಡದ್ದು ಬರೆಯಬೇಡ. ಸುಳ್ಳು ಬರೆದವರಿಗೆ ಮತ್ತೆ ಪೆನ್ನು ಇಲ್ಲ.'

ಮೂರು ವರ್ಷದಿಂದ ಆ ಪೆನ್ನು ಇವಳ ಕೈಯಲ್ಲಿ. ಎಲ್ಲರೂ ಕರೆಯುವುದು ಪಟ್ಟಿಯಮ್ಮ ಅಂತ. ಮಹಾ ಖಡಕ್ಕು! ಮೇಷ್ಟ್ರೇ ಬರೆದ ಗೂಬೆಯನ್ನೂ ಬಿಟ್ಟಿರಲಿಲ್ಲ. "ಕೂಗು ಕೇಳಿದ್ದು ಅಷ್ಟೇ ತಾನೇ ಮೇಷ್ಟ್ರೇ? ಕಂಡಿಲ್ಲವಲ್ಲ?" ಅಂತ ಗೀಟು ಎಳೆದೇಬಿಟ್ಟಿದ್ದಳು.

ಈಗ ಜಗಳ ಈ ಯುವಕ ಬರೆದು ಕಳಿಸಿದ್ದ ಬೂದು ಸಿಪಿಲೆಯದ್ದು. ಗೇಣುದ್ದದ ಹಕ್ಕಿ, ಬೂದು ಬೆನ್ನು, ಹಳದಿ ಹೊಟ್ಟೆ, ಬಾಲಕ್ಕೆ ಒಂದು ಗಳಿಗೆ ಪುರುಸೊತ್ತಿಲ್ಲ. ಏಳು ಚಳಿಗಾಲ ಕಾಣದೇ ಇದ್ದದ್ದು ಈ ಸಲ ಕೆರೆಗೆ ಬಂದಿತ್ತು.

"ಭಾನುವಾರ ಬೆಳಿಗ್ಗೆ ಏಳಕ್ಕೆ ಸಿಪಿಲೆ ಈ ಕಡೆ ದಡದಲ್ಲಿತ್ತು. ನಾನೇ ನೋಡಿದೀನಿ," ಅಂದಳು.

"ಅದೇ ಏಳಕ್ಕೆ ಆ ಕಡೆ ದಡದಲ್ಲಿ, ನಮ್ಮ ಪಂಪ್‌ಹೌಸ್ ಮೆಟ್ಟಿಲ ಮೇಲಿತ್ತು. ನಾನೂ ನೋಡಿದೀನಿ. ಅಂದ್ರೆ ಎರಡು!"

"ನಿಮ್ಮ ಗಡಿಯಾರ ಸರಿ ಇದೆಯಾ?"

"ಊರಿಗೆಲ್ಲ ನೀರು ಬಿಡೋದೇ ನನ್ನ ಗಡಿಯಾರ ನೋಡ್ಕೊಂಡು ಕಣ್ರೀ!"

"ಕೆರೆ ದಾಟೋಕೆ ಅದಕ್ಕೆ ಒಂದು ನಿಮಿಷ ಸಾಕು. ಇದ್ದ ಒಂದನ್ನೇ ಎರಡು ಸಲ ಎಣಿಸೋಕೆ ಇದೇನು ಚುನಾವಣೆನಾ?"

ಕೋಣೆಯಲ್ಲಿ ಗೊಳ್ ಅಂತ ನಗು. ಅವನಿಗೂ ನಗು ಬಂತು, ತಡೆದುಕೊಂಡ. ಅದು ಅವಳಿಗೆ ಕಂಡಿತು. ಕಂಡದ್ದನ್ನು ಎಲ್ಲಿ ಬರೆಯಬೇಕೋ ತಿಳಿಯಲಿಲ್ಲ!

ಮೇಷ್ಟ್ರು ತೀರ್ಪು ಕೊಟ್ಟರು. "ದಿನಾ ಬೆಳಿಗ್ಗೆ ಆರೂ ಮುಕ್ಕಾಲಿಗೆ ನೀನು ಈ ದಡ, ನೀನು ಆ ದಡ. ಕಿವಿಗೆ ಫೋನು. ಒಂದೇ ಗಳಿಗೆಗೆ ಇಬ್ಬರಿಗೂ ಕಂಡರೆ ಎರಡು ಹಕ್ಕಿ, ಪರೀಕ್ಷೆ ಅಲ್ಲಿಗೆ ಮುಗೀತು. ಮೂರು ದಿನ ಇಬ್ಬರಿಗೂ ಕಾಣದೇ ಹೋದ್ರೆ ಹಕ್ಕಿ ಹೊರಟು ಹೋಯ್ತು, ಆಗಲೂ ಮುಗೀತು. ಅಲ್ಲಿವರೆಗೆ ಜಗಳ ಆಡಬೇಡಿ, ನನಗೆ ತಲೆನೋವು ಬರುತ್ತೆ."

ಹಾಗೆ ಶುರುವಾಯಿತು.

ಮೊದಲ ದಿನ ಫೋನಿನಲ್ಲಿ ಎರಡೇ ಮಾತು. "ಇದೆಯಾ?" "ಇಲ್ಲ. ನಿಮ್ಮ ಕಡೆ?" "ಇದೆ."

ಐದನೇ ದಿನ, "ಶೀತ ಆಗಿದೆಯಾ? ದನಿ ಕಟ್ಟಿದೆ," ಅಂದ ಅವನು.

ಹತ್ತನೇ ದಿನಕ್ಕೆ ಹಕ್ಕಿಗೆ ಎರಡು ನಿಮಿಷ, ಮಾತಿಗೆ ಇಪ್ಪತ್ತು ನಿಮಿಷ! ಪಂಪಿನ ಸದ್ದಿಗೆ ಹಕ್ಕಿ ಹೆದರುತ್ತೆ ಅಂತ ಅವನು ಆ ಹೊತ್ತಿಗೆ ಹಳೇ ಪಂಪು ನಿಲ್ಲಿಸುತ್ತಿದ್ದ. ಹಕ್ಕಿ ಹೆದರುತ್ತಿತ್ತೋ ಇಲ್ಲವೋ, ಇವಳ ಮಾತು ಮಾತ್ರ ಸ್ಪಷ್ಟವಾಗಿ ಕೇಳುತ್ತಿತ್ತು.

"ನಿನ್ನೆ ಅಂಗಡಿಗೆ ಒಬ್ಬರು ಅಜ್ಜ ಬಂದಿದ್ರು. ಬೋರ್ಡ್ ಮೇಲಿನ ಅಕ್ಷರ ಓದಿ ಅಂದೆ. ಅಕ್ಷರ ಓದ್ತೀನಮ್ಮಾ, ಬೋರ್ಡ್ ಎಲ್ಲಿದೆ ಅಂದ್ರು!"

ನೀರಿನ ಆಚೆಯಿಂದ ಅವನ ನಗು ಫೋನಿನಲ್ಲೂ ಕೇಳಿತು, ಗಾಳಿಯಲ್ಲೂ ತೇಲಿಬಂತು.

"ಒಂದು ಮಾತು ಹೇಳ್ಲಾ?" ಅಂದ. "ಆ ದಡದಲ್ಲಿ ನೀವು ಯಾವುದು, ಪೊದೆ ಯಾವುದು ಅಂತಾನೇ ಗೊತ್ತಾಗಲ್ಲ. ಎರಡೂ ಮಣ್ಣಿನ ಬಣ್ಣ."

ಹಕ್ಕಿ ನೋಡುವವರು ಮಣ್ಣಿನ ಬಣ್ಣವನ್ನೇ ಹಾಕಬೇಕು. ಅದು ಮೊದಲ ಪಾಠ. ಅದನ್ನು ಹೊಸಬರಿಗೆ ಕಲಿಸುವವಳೂ ಇವಳೇ. ಆದರೂ ಮಾರನೇ ಬೆಳಿಗ್ಗೆ ಪೆಟ್ಟಿಗೆಯ ತಳದಿಂದ ಹಳದಿ ಸ್ವೆಟರ್ ಹೊರಬಂತು.

ಅಮ್ಮ ಬಾಗಿಲಲ್ಲೇ ಹಿಡಿದರು. "ಏನೇ ಇದು? ನೀನು ನೋಡೋಕೆ ಹೋಗೋ ಹಕ್ಕಿಗೆ ಮೀಸೆ ಏನಾದ್ರೂ ಇದೆಯಾ?"

"ಅಮ್ಮಾ! ಚಳಿ ಅಮ್ಮಾ, ಚಳಿ!"

"ಹೌದೌದು. ನಿನ್ನೆವರೆಗೆ ಬೇಸಿಗೆ ಇತ್ತು ಪಾಪ."

ಆ ದಿನ ಫೋನಿನಲ್ಲಿ ಅವನು ಮೆಲ್ಲಗೆ ಅಂದ, "ಈಗ ಕಾಣ್ತಿದೀರಿ."

ಅವಳ ಕೆನ್ನೆ ಬಿಸಿಯಾಯಿತು. ಹಕ್ಕಿ ನೋಡುವುದೇ ಮರೆತುಹೋಯಿತು. ನೋಡಿದರೆ ತಾನೇ ಏನು? ಹಕ್ಕಿ ಇರಲಿಲ್ಲ. ಅವನ ಕಡೆಯೂ ಇರಲಿಲ್ಲ. ಮರುದಿನವೂ ಎರಡೂ ಕಡೆ ಇಲ್ಲ.

ಮೂರನೇ ಬೆಳಿಗ್ಗೆ ಅವಳು ಹೊತ್ತಿಗೆ ಮುಂಚೆಯೇ ಬಂದಳು. ಕಲ್ಲು, ಜೊಂಡು, ಕೆಸರು, ಎಲ್ಲ ಹುಡುಕಿದಳು. ಇಲ್ಲ... ಎಲ್ಲೂ ಇಲ್ಲ! ಇವತ್ತೂ ಇಲ್ಲ ಅಂದರೆ ಪರೀಕ್ಷೆ ಮುಗೀತು. ನಾಳೆಯಿಂದ ಈ ಫೋನು ಬರಲ್ಲ. ಈ ದನಿ ಕೇಳಲ್ಲ...

ಫೋನು ಬಂತು.

"ಕೇಳಿ, ಇಲ್ಲಿ—" ಅಂತ ಅವನು ಏನೋ ಹೇಳಹೊರಟ.

"ಇದೆ!" ಅಂದುಬಿಟ್ಟಳು. "ಇಲ್ಲಿದೆ! ಕಲ್ಲಿನ ಮೇಲೆ ಕೂತಿದೆ, ನೋಡ್ತಾ ಇದೀನಿ!"



"ನಿಮ್ಮ ಕಡೆ?" ಅಂತ ಕೇಳಿದಳು.

"ಇಲ್ಲ..." ಅಂದ ಅವನು ತಡವಾಗಿ. "ಇಲ್ಲಿ ಇಲ್ಲ."

ಪುಸ್ತಕದಲ್ಲೂ ಹಾಗೇ ಬರೆದಳು. 'ಬೂದು ಸಿಪಿಲೆ. ಈ ದಡ. ಕಂಡದ್ದು.' ಮೂರು ವರ್ಷದಲ್ಲಿ ಮೊದಲ ಸುಳ್ಳು. ಒಂದು ಸುಳ್ಳಿಗೆ ಇನ್ನೊಂದು ಜೊತೆ ಅಂತಾರಲ್ಲ, ಇವಳದ್ದು ಸಾಲಾಗಿ ಹನ್ನೊಂದಾಯಿತು. ಹನ್ನೊಂದು ಬೆಳಿಗ್ಗೆ, ಹನ್ನೊಂದು 'ಇದೆ'. ಅವನದ್ದೂ ಹನ್ನೊಂದು 'ಇಲ್ಲ'.

ಹನ್ನೊಂದನೇ ದಿನ ಫೋನಿಟ್ಟು ಹೊರಡುವಾಗ ಕೆರೆಯ ಕಳೆ ತೆಗೆಯುವ ದೋಣಿಯಣ್ಣ ದಡಕ್ಕೆ ಬಂದ. "ಇಲ್ಲೇನು ನೋಡ್ತೀರಮ್ಮಾ ದಿನಾ? ಆ ಬಾಲ ಕುಣಿಸೋ ಹಕ್ಕಿ ತಾನೇ? ಅದು ಈ ಕಡೆ ಬರದೆ ಎರಡು ವಾರ ಆಯ್ತು. ಪಂಪ್‌ಹೌಸ್ ಮೆಟ್ಟಿಲ ಮೇಲೇ ಇರುತ್ತೆ. ಅಲ್ಲಿನ ಅವರು ಅದನ್ನ ನೋಡಿ ನೋಡಿ ಪುಸ್ತಕದಲ್ಲಿ ಬರ್ಕೋತಾರಲ್ಲ, ದಿನಾ."



ಹಾಗಾದರೆ ಹಕ್ಕಿ ಅವನ ಎದುರೇ ಇತ್ತು! ನಾನು 'ಇದೆ' ಅಂದಾಗೆಲ್ಲ ಸುಳ್ಳು ಅಂತ ಅವನಿಗೆ ಗೊತ್ತಿತ್ತು! ಗೊತ್ತಿದ್ದೂ 'ಇಲ್ಲ' ಅಂದ. ಬರೆದು ಬೇರೆ ಇಟ್ಟಿದ್ದಾನೆ... ಯಾಕೆ? ಕೊನೇ ಸಭೆಯಲ್ಲಿ ಎಲ್ಲರ ಎದುರು ಓದೋಕೆ! ಅವನ ಹಕ್ಕಿಗೆ ಎಳೆದ ಒಂದು ಕೆಂಪು ಗೀಟಿಗೆ ಇಷ್ಟು ದೊಡ್ಡ ಸೇಡಾ?

ಅವತ್ತಿನಿಂದ ಅವಳು ಫೋನು ಎತ್ತಲಿಲ್ಲ. ಮೂರು ದಿನ ಅದು ಆರೂ ಮುಕ್ಕಾಲಿಗೆ ಸರಿಯಾಗಿ ಬಡಿದುಕೊಂಡಿತು. ಅಂಗಡಿಯಲ್ಲಿ ಎಡಗಣ್ಣು ಮುಚ್ಚಿ ಅನ್ನುವ ಬದಲು ಎರಡೂ ಮುಚ್ಚಿ ಅಂದಳು. ಪಾಪ, ಗಿರಾಕಿ ಮುಚ್ಚಿಕೊಂಡೇ ಕೂತಿದ್ದ.

ಚಳಿಗಾಲದ ಕೊನೆಯ ಭಾನುವಾರ ಪಟ್ಟಿ ಓದುವ ಸಭೆ. "ನಾನೂ ಬರ್ತೀನಿ, ಆ ಹಕ್ಕಿ ನೋಡಬೇಕು," ಅಂತ ಅಮ್ಮ ಹಟ ಹಿಡಿದು ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಅವನು ಗೋಡೆಗೊರಗಿ ನಿಂತಿದ್ದ. ಮುಖ ಬಾಡಿತ್ತು, ಕೈಯಲ್ಲಿ ಸಣ್ಣ ಪುಸ್ತಕ. ಅದೇ ಪುಸ್ತಕ!

ಅವಳು ಓದತೊಡಗಿದಳು. ಬಾತು, ಕೊಕ್ಕರೆ, ಗೊರವ... ಮೂವತ್ತನಾಲ್ಕನೆಯದು ಬಂದಾಗ ಬೆರಳು ಆ ಸಾಲಿನ ಮೇಲೆ ನಿಂತಿತು.

ಅವನು ಓದುವ ಮೊದಲು ನಾನೇ ಹೇಳಿಬಿಡ್ತೀನಿ. ಪೆನ್ನು ಹೋಗಲಿ, ಮಾನ ಹೋಗಲಿ... ಪಟ್ಟಿ ಮಾತ್ರ ಸುಳ್ಳಾಗಬಾರದು.

"ಬೂದು ಸಿಪಿಲೆ," ಅಂದಳು. "ಇದರಲ್ಲಿ ಹನ್ನೊಂದು ಸಾಲು ಸುಳ್ಳು. ಹಕ್ಕಿ ನಂಗೆ ಕಂಡಿಲ್ಲ. ಕಂಡಿದೆ ಅಂತ ಬರೆದೆ."

ಅವಳೇ ಕೆಂಪು ಪೆನ್ನು ತೆಗೆದು ಹನ್ನೊಂದು ಗೀಟು ಎಳೆದಳು. ಮೇಷ್ಟ್ರ ಮುಂದೆ ಪೆನ್ನಿಟ್ಟಳು. ಕಣ್ಣು ತುಂಬಿ ಅಕ್ಷರವೆಲ್ಲ ಕಲಸಿಹೋಗಿತ್ತು.

"ಯಾಕಮ್ಮಾ?" ಅಂದರು ಮೇಷ್ಟ್ರು.

"ಇಲ್ಲ ಅಂದಿದ್ರೆ ಫೋನು ನಿಂತುಹೋಗ್ತಿತ್ತು ಮೇಷ್ಟ್ರೇ."

ಅವನು ಗೋಡೆ ಬಿಟ್ಟು ಮುಂದೆ ಬಂದ. ಪುಸ್ತಕ ತೆರೆದು ಓದಿದ. "ಹದಿಮೂರನೇ ತಾರೀಕು. ಸಿಪಿಲೆ ಮೆಟ್ಟಿಲ ಮೇಲೆ. ಹೇಳಲಿಲ್ಲ. ಹದಿನಾಲ್ಕು. ಸಿಪಿಲೆ ಮೆಟ್ಟಿಲ ಮೇಲೆ. ಹೇಳಲಿಲ್ಲ. ಹದಿನೈದು..."

"ಸಾಕು!" ಅಂದಳು ಅವಳು. "ನನ್ನ ಸುಳ್ಳು ನಿಮಗೆ ಮೊದಲೇ ಗೊತ್ತಿತ್ತು ಅಂತ ಎಲ್ಲರಿಗೂ ಗೊತ್ತಾಯ್ತಲ್ಲ!"

"ಸುಳ್ಳಾ?" ಅವನು ನಿಜಕ್ಕೂ ಬೆಪ್ಪಾಗಿದ್ದ. "ನೀವು ಇದೆ ಅಂದ್ರಿ, ಹಕ್ಕಿ ಎರಡಿದೆ ಅಂದ್ಕೊಂಡೆ! ಮೇಷ್ಟ್ರ ಗೂಬೆಗೇ ಗೀಟು ಎಳೆದವರು ಸುಳ್ಳು ಹೇಳ್ತಾರೆ ಅಂತ ಕನಸಲ್ಲೂ ಹೊಳೀಲಿಲ್ಲ ನಂಗೆ. ಈಗ ನೀವು ಹೇಳಿದ ಮೇಲೇ ಗೊತ್ತಾಗಿದ್ದು."

"ಎರಡಿದೆ ಅಂತ ಹೇಳಿದ್ರೆ ನೀವೇ ಗೆಲ್ತಿದ್ರಲ್ಲ?"

"ಗೆದ್ದಿದ್ರೆ ಮಾರನೇ ದಿನದಿಂದ ಫೋನು ಇರ್ತಿರಲಿಲ್ಲವಲ್ಲ."

 

ಮೇಷ್ಟ್ರು ಎರಡೂ ಪುಸ್ತಕ ಪಕ್ಕಪಕ್ಕ ಇಟ್ಟು ನೋಡಿದರು. ಕನ್ನಡಕ ತೆಗೆದು ಒರೆಸಿದರು. "ಅಂದ್ರೆ ಇದ್ದಿದ್ದು ಒಂದೇ ಹಕ್ಕಿ. ಪಟ್ಟಿಯಲ್ಲೂ ಒಂದೇ ಅಂತಿದೆ. ಉತ್ತರ ಸರಿ, ಲೆಕ್ಕ ಪೂರ್ತಿ ತಪ್ಪು! ಆದರೆ ಅದು ದಡ ಯಾಕೆ ಬದಲಾಯಿಸ್ತು?"

"ಅದನ್ನ ನಾನು ಹೇಳ್ತೀನಿ," ಅಂದರು ಹಿಂದಿನ ಬೆಂಚಿನಿಂದ ಅಮ್ಮ. "ಹಳದಿ ಸ್ವೆಟರ್ ಹಾಕ್ಕೊಂಡು ಹೋದ್ರೆ ಯಾವ ಹಕ್ಕಿ ನಿಲ್ಲುತ್ತೆ? ನಿಂತಿದ್ದು ಇದೊಂದೇ." ಅವನನ್ನು ಮೇಲಿಂದ ಕೆಳಗೆ ನೋಡಿ ತಲೆಯಾಡಿಸಿದರು. "ಮೀಸೆ ಇದೆ."

ನಗು ನಿಲ್ಲುವ ಹೊತ್ತಿಗೆ ಮೇಷ್ಟ್ರು ಪೆನ್ನನ್ನು ಜೇಬಿಗೆ ಸೇರಿಸಿದ್ದರು. "ಸುಳ್ಳಿಗೆ ಶಿಕ್ಷೆ ಇದ್ದೇ ಇದೆ. ಆದರೆ ತಾನೇ ಬಂದು ಒಪ್ಪಿಕೊಂಡಿದ್ದಕ್ಕೆ ಪೆನ್ನು ಒಂದು ಚಳಿಗಾಲ ನನ್ನ ಹತ್ರ ಇರುತ್ತೆ, ಅಷ್ಟೇ. ಅಲ್ಲಿವರೆಗೆ ಇವಳು ಏನು ಕಂಡರೂ ಇವನ ಸಹಿ ಬೇಕು, ಇವನು ಕಂಡದ್ದಕ್ಕೆ ಇವಳ ಸಹಿ. ಒಬ್ಬೊಬ್ಬರೇ ನೋಡಿದ್ದು ಲೆಕ್ಕಕ್ಕಿಲ್ಲ."

"ಬರೀ ಒಂದು ಚಳಿಗಾಲಕ್ಕಾ ಮೇಷ್ಟ್ರೇ?" ಅಂದರು ಅಮ್ಮ.

ಮರುದಿನ ಬೆಳಿಗ್ಗೆ ಅವಳು ಮಣ್ಣಿನ ಬಣ್ಣದ ಸ್ವೆಟರ್ ಹಾಕಿಕೊಂಡು ಕೆರೆ ಸುತ್ತಿ ಬಂದಳು. ಮೊದಲ ಸಲ ಆ ಕಡೆ ದಡಕ್ಕೆ. ಅವನು ಪಂಪ್‌ಹೌಸ್ ಮೆಟ್ಟಿಲ ಮೇಲೆ ಕೂತಿದ್ದ. ಪಂಪು ನಿಂತಿತ್ತು.

ನಾಲ್ಕು ಹೆಜ್ಜೆ ದೂರವಿರುವಾಗಲೇ ಅವಳ ಫೋನು ಬಡಿದುಕೊಂಡಿತು. ಸಮಯ ಆರೂ ಮುಕ್ಕಾಲು. ಅವನು ಫೋನು ಕಿವಿಗಿಟ್ಟು ನೀರನ್ನೇ ನೋಡುತ್ತಿದ್ದ. ಅವಳಿಗೆ ನಗು ತಡೆಯಲಾಗಲಿಲ್ಲ. ಎತ್ತಿದಳು.

"ಮೂರು ದಿನ ಎತ್ತಲೇ ಇಲ್ಲ," ಅಂದ. "ಹೆದರಿಬಿಟ್ಟಿದ್ದೆ."

"ಇನ್ಮೇಲೆ ದಿನಾ ಎತ್ತುತ್ತೀನಿ."

"ನಂಗೆ ನೀವು ತುಂಬಾ ಇಷ್ಟ. ಆ ಕೆಂಪು ಗೀಟು ಎಳೆದ ದಿನದಿಂದ."

"ನಂಗೂ..." ಅಂದಳು. "ಮುಚ್ಚಳ ಬಿದ್ದ ದಿನದಿಂದ."

ಕೆಳಗಿನ ಮೆಟ್ಟಿಲಲ್ಲಿ ಏನೋ ಅಲುಗಿತು. ಬೂದು ಬೆನ್ನು, ಹಳದಿ ಹೊಟ್ಟೆ, ಬಾಲಕ್ಕೆ ಪುರುಸೊತ್ತಿಲ್ಲ. ಇಬ್ಬರೂ ಉಸಿರು ಬಿಗಿಹಿಡಿದರು. ಅವಳು ಸದ್ದಾಗದ ಹಾಗೆ ಬಂದು ಅವನ ಪಕ್ಕ ಕೂತಳು.

"ಇದೆಯಾ?" ಅಂತ ಪಿಸುಗುಟ್ಟಿದ, ಇನ್ನೂ ಫೋನಿನಲ್ಲೇ.

"ಇದೆ," ಅಂದಳು. "ಈ ಸಲ ನಿಜವಾಗ್ಲೂ ಇದೆ. ನಿನಗೆ ಕಾಣ್ತಿದೆಯಾ?"

ಅವನು ಹಕ್ಕಿಯ ಕಡೆ ನೋಡುತ್ತಿರಲಿಲ್ಲ.

"ಕಾಣ್ತಿದೆ," ಅಂದ. "ಸಹಿ ಎಲ್ಲಿ ಹಾಕಲಿ ಹೇಳು."