ಮನೆಯವರಿಗೆ ಹೇಳುವ ಹೂಂ

"ಇನ್ನೊಂದು ಸಲ, ಸ್ವಲ್ಪ ಮೆಲ್ಲಗೆ," ಎಂದ ಸಮಿತ್, ರೆಕಾರ್ಡಿಂಗ್ ಕೋಣೆಯ ಗಾಜಿನ ಆಚೆಯಿಂದ. "ಆಫೀಸಿನವರಿಗೆ ಹೇಳುವ ಹೂಂ ಅಲ್ಲ ಮಾರಾಯ್ತಿ. ಮನೆಯವರಿಗೆ ಹೇಳ್ತಾರಲ್ಲ, ಆ ಹೂಂ."

"ನನಗ ಮನಿಯವರು ಎಲ್ಲಿದ್ದಾರ್ರೀ?" ಮಲ್ಲಿಕಾ ನಕ್ಕಳು.

ಅವನು ನಗಲಿಲ್ಲ. ಅವನ ನೋಟ ಅವಳ ಕಣ್ಣಿನಿಂದ ತುಟಿಗೆ ಇಳಿದು ಅಲ್ಲೇ ನಿಂತಿತು. ಅವಳ ಕೆನ್ನೆ ಬಿಸಿಯಾಯಿತು. ಮೈಕಿಗೆ ಮುಖ ಕೊಟ್ಟು, ಕಣ್ಣು ಮುಚ್ಚಿ, "ಹೂಂ" ಎಂದಳು.

ಅದು ೨೦೧೮ರ ಮಳೆಗಾಲ. ಥಾಣೆ ಬಳಿಯ ಘಣಸೋಲಿಯ ಆ ಪುಟ್ಟ ಕಂಪನಿ ಕಾರಿನಲ್ಲಿ ಮಾತಾಡುವ ಎಐ ಸಹಾಯಕಿಯನ್ನು ತಯಾರಿಸುತ್ತಿತ್ತು. ಆ ಸಹಾಯಕಿಗೆ ಯಾವ ಹೆಸರು, ಯಾವ ಭಾಷೆ, ಗೌರವದ ಮಾತೋ ಸಲಿಗೆಯ ಮಾತೋ, ಎಲ್ಲವೂ ಕಾರಿನ ಮಾಲೀಕರ ಇಷ್ಟ. ಡಿಸೈನ್ ಸಮಿತನದು. ಕನ್ನಡದ ಮಾತು ಬರೆದು ದನಿ ಕೊಡುವುದು ಮಲ್ಲಿಕಾಳ ಕೆಲಸ. ಅವನು ಥಾಣೆಯ ನೌಪಾಡಾದಲ್ಲಿ ಹೋಟೆಲ್ ನಡೆಸುವ ಉಡುಪಿ ಕಡೆಯವರ ಮಗ. ಅವಳು ಕಲಬುರಗಿಯಿಂದ ಬಂದು ವಾಶಿ ಮಾರ್ಕೆಟ್ಟಿನಲ್ಲಿ ಮೂಟೆ ಹೊತ್ತ ಶಂಕ್ರೆಪ್ಪನ ಮಗಳು. ಇಬ್ಬರ ಸಂಗತಿ ಆಫೀಸಿನ ಚಹಾ ಮಷೀನಿಗೂ ಗೊತ್ತಿತ್ತು.

ಆದರೆ ಸಹಾಯಕಿ ತಯಾರಾದಾಗ ಆ ಹೂಂ ಅದರಲ್ಲಿರಲಿಲ್ಲ. "ಸರಿ ಬರಲಿಲ್ಲ, ತೆಗೆದುಬಿಟ್ಟೆ," ಎಂದ ಸಮಿತ್. ಮಲ್ಲಿಕಾಳಿಗೆ ಸ್ವಲ್ಪ ಪಿಚ್ಚೆನಿಸಿತು.

ದಿನಾ ಸಂಜೆ ಅವಳು ಟ್ರೇನ್ ಹಿಡಿದು ಕೋಪರಖೈರಣೆಯ ಮನೆಗೆ, ಅವನು ಕಾರಿನಲ್ಲಿ ಥಾಣೆಗೆ. ಬೇರೆ ಬೇರೆ ದಿಕ್ಕು. "ನನ್ನ ಕಾರಲ್ಲಿ ಟೆಸ್ಟಿಂಗ್ ನಡೀತಾ ಉಂಟು," ಎಂದು ಅವಳನ್ನು ಅವನು ಒಮ್ಮೆಯೂ ಹತ್ತಿಸಿಕೊಂಡವನಲ್ಲ.

ಗಣಪತಿ ಹಬ್ಬದ ಹೊತ್ತಿಗೆ ಅವಳು ಒಂದು ಸಂಕಟ ಹೇಳಿಕೊಂಡಳು. "ನಮ್ಮ ಬಿಲ್ಡಿಂಗ್ ಎದುರಿಗೆ ಯಾವುದೋ ಕಾರು ಲೈಟ್ ಆರಿಸಿ ನಿಲ್ಲತದ್ರೀ. ಅವ್ವ ಅಂಜಿ ಹೊರಗ ಗ್ಯಾಲರಿಗೆ ಬಂದು ನಿಲ್ಲೋದು ಬಿಟ್ಟಾಳ."

ಸಮಿತ್ ಅವಳ ಕೈ ಹಿಡಿದ. "ನಾನಿದ್ದೇನಲ್ಲ." ಮೊದಲ ಸಲ ಹಿಡಿದ ಕೈ ಅದು. ಅಂದೇ ಅವಳು ಮನಸ್ಸಿನಲ್ಲಿ ಅವನಿಗೆ ಒಪ್ಪಿಗೆ ಕೊಟ್ಟಾಗಿತ್ತು.

ದೀಪಾವಳಿಗೆ ಮುಂಚಿನ ಶುಕ್ರವಾರ ಅವನು ಕೇಳಿದ: "ಅಮ್ಮ ನೀರುದೋಸೆಗೆ ಅಕ್ಕಿ ನೆನೆಹಾಕಿದ್ದಾರೆ. ಬರ್ತೀಯಲ್ಲ?" ನೌಪಾಡಾಕ್ಕೆ ಹೋಗುವುದೆಂದರೆ ಮದುವೆಗೆ ಒಪ್ಪಿದಂತೆ. ಅದು ಇಬ್ಬರಿಗೂ ತಿಳಿದಿತ್ತು. ಹಿಂದಿನ ದಿನವೇ ಮಾತಾಗಿದ್ದರಿಂದ ಅವಳು ಇಳಕಲ್ ಸೀರೆ ಉಟ್ಟೇ ಆಫೀಸಿಗೆ ಬಂದಿದ್ದಳು. ಸಂಜೆ ಮೊದಲ ಬಾರಿ ಅವನ ಕಾರು ಹತ್ತಿದಳು.

"ನಮಸ್ಕಾರ ಸಮಿತ್," ಎಂದಿತು ಕಾರು, ಅವಳದೇ ದನಿಯಲ್ಲಿ.

"ಅಯ್ಯ! ನಾನು ಎರಡು ಕಡಿ ಕೂತೀನಲ್ರೀ!"

ಸಮಿತ್ ಖುಷಿಯಲ್ಲಿ ತೇಲುತ್ತಿದ್ದ. "ಮಲ್ಲಿ, ಎಸಿ ಕಮ್ಮಿ ಮಾಡು," ಎಂದ ಕಾರಿಗೆ.

"ಹೂಂ."

ಅದೇ ಹೂಂ. ಎಸೆಯದೆ ಇಟ್ಟುಕೊಂಡಿದ್ದಾನೆ! ಒಂದು ಗಳಿಗೆ ಅವಳ ಎದೆ ತುಂಬಿ ಬಂತು. ಮರುಗಳಿಗೆಯೇ ಏನೋ ಚುಚ್ಚಿತು. ತನ್ನನ್ನು ಮಲ್ಲಿ ಎಂದು ಕರೆಯುವವಳು ಲೋಕದಲ್ಲಿ ಒಬ್ಬಳೇ, ಅವ್ವ ಶರಣಬಸಮ್ಮ. ಅದು ಹೊರಗಿನವರ ಕಿವಿಗೆ ಬೀಳುವುದು ಮಗಳು ಗೇಟಿನೊಳಗೆ ಕಾಲಿಟ್ಟಾಗ ಗ್ಯಾಲರಿಯಿಂದ ಕೂಗಿದರೆ ಮಾತ್ರ.

"ಮಲ್ಲಿ ಅಂತ ನಿಮಗ ಯಾರು ಹೇಳಿದ್ರು?"

"ನೀನೇ ಅಲ್ವಾ?"

ಅವಳು ಹೇಳಿರಲಿಲ್ಲ. ಅಷ್ಟರಲ್ಲಿ ಕಾರು ಮತ್ತೆ ಬಾಯಿ ತೆರೆಯಿತು. ದಿನವೂ ಒಂದೇ ದಾರಿ ಹಿಡಿಯುವವರಿಗೆಂದು ಅವಳೇ ಬರೆದ ಮಾತು, ಜಾಗದ ಹೆಸರು ಮಾತ್ರ ಸಮಿತ್ ತುಂಬಿದ್ದು: "ದಿನಾ ಹೋಗೋ ಕಡೆಗೇ ಹೋಗೋಣವಾ? ಕೋಪರಖೈರಣೆ, ಗ್ಯಾಲರಿ ಕಾಣೋ ಜಾಗ. ತಲುಪಿದ ಮೇಲೆ ಲೈಟ್ ಆರಿಸ್ತೀನಿ."

ಖುಷಿಯಲ್ಲಿ ಅದನ್ನು ಆಫ್ ಮಾಡಲು ಮರೆತಿದ್ದ ಸಮಿತ್ ಈಗ ಸ್ಕ್ರೀನಿನ ಮೇಲೆ ಬೆರಳು ತಡಕಾಡಿದ. ತಡವಾಗಿತ್ತು.

"ಆ ಕಾರು ನಿಮ್ಮದಾ?"

"ನೋಡ್ಲಿಕ್ಕೆ ಅಷ್ಟೇ. ನೀನು ಮನೆ ಸೇರುವವರೆಗೆ. ಪ್ರೀತಿ ಮಾರಾಯ್ತಿ, ಅದರಲ್ಲಿ ಎಂಥ ತಪ್ಪು?"

"ಬಾಗಿಲು ಬಡೀಬಹುದಿತ್ತಲ್ರೀ. ಅವ್ವ ಚಹಾ ಕೊಡ್ತಿದ್ಲು." ಅವಳು ಸೀಟ್ ಬೆಲ್ಟ್ ಬಿಚ್ಚಿದಳು. "ಅವ್ವ ಅಂಜ್ಯಾಳ ಅಂತ ಹೇಳಿದಾಗ ಕೈ ಹಿಡಿದ್ರಿ. ಮರುದಿನಾನೂ ಬಂದು ನಿಂತ್ರಿ."

"ಅಮ್ಮ ಕಾಯ್ತಾ ಇದ್ದಾರೆ," ಎಂದಷ್ಟೇ ಹೇಳಿ ಗೇರಿನ ಮೇಲೆ ಕೈಯಿಟ್ಟ. ಅವಳು ಬಾಗಿಲು ಎಳೆದಳು. ಲಾಕ್ ಆಗಿತ್ತು.

"ಬಾಗಿಲು ತೆಗಿ," ಎಂದಳು ಕಾರಿಗೆ.

"ಸಮಿತ್ ಹೇಳಿದರೆ ತೆಗೀತೀನಿ," ಎಂದಿತು ಅವಳದೇ ದನಿ, ಮೆತ್ತಗೆ.

ಸಮಿತ್ ಅವಳನ್ನು ನೋಡಿದ. ಗಾಜಿನಾಚೆಯಿಂದ ನೋಡುತ್ತಿದ್ದ ಅದೇ ನೋಟ. ಅವನಿಗೆ ನಿಜವಾಗಿಯೂ ಪ್ರೀತಿಯಿತ್ತು, ಅದೇ ಭಯದ ಸಂಗತಿ. ಕೊನೆಗೆ ಬಟನ್ ಒತ್ತಿದ. ಅವಳು ಇಳಿದಳು. ಇನ್ನೂ ಅವನ ಮೇಲೆ ಜೀವವಿತ್ತು, ಅದಕ್ಕೇ ತಿರುಗಿ ನೋಡಲಿಲ್ಲ.

"ಇನ್ನೊಂದು ದಿನ ಬರ್ತೀಯಾ?" ಹಿಂದಿನಿಂದ ಕೇಳಿದ. ಅವಳು ಆಫೀಸಿನ ಗೇಟಿನ ಕಡೆ ನಡೆದಳು.

"ಮಲ್ಲಿ, ಹೋಗೋಣವಾ?"

"ಹೂಂ," ಎಂದಿತು ಕಾರು, ಮನೆಯವರಿಗೆ ಹೇಳುವ ಹಾಗೆ.

ಗೇಟಿನಿಂದ ಬಲಕ್ಕೆ ತಿರುಗಿದರೆ ಥಾಣೆ, ಎಡಕ್ಕೆ ಕೋಪರಖೈರಣೆ. ಕಾರು ಎಡಕ್ಕೆ ತಿರುಗಿತು. ಮಲ್ಲಿಕಾ ಅವ್ವನಿಗೆ ಫೋನ್ ಹಚ್ಚಿದಳು.

"ಅವ್ವಾ, ಗ್ಯಾಲರಿ ಬಾಗಿಲಾ ಹಾಕ್ಕೊ. ನಾ ಬರೋ ತನಕ ತೆಗೀಬ್ಯಾಡ."

"ಯಾಕ ಮಲ್ಲಿ? ಅಳ್ಲಿಕತ್ತೀ ಏನು?"

ಹೂಂ ಎನ್ನಲು ಹೋದಳು. ದನಿ ಹೊರಡಲಿಲ್ಲ.